ತೊಟ್ಟಿಲು ಹೇಳಿದ ತೂಕ

ಜನವರಿ ೯

ನನ್ನ ಸೊಸೆಗೆ, ದೇವರು ಒಳ್ಳೆಯದು ಮಾಡಲಿ.

ನೀನು ಹಾಸ್ಟೆಲ್ ಸೇರಿದ ಸುದ್ದಿ ಮಗ ಹೇಳಿದ. ಲಾರಿಯನ್ನು ಬೀದಿ ತುದಿಯಲ್ಲಿ ನಿಲ್ಲಿಸಿ ಬಂದವನು ಮಗಳ ನೆತ್ತಿ ಮೂಸಿ, ನಿಂತುಕೊಂಡೇ ಉಂಡು ಹೊರಟ. ಇನ್ನು ವಾರ ಕಳೆಯಬೇಕು ಅವನ ಮುಖ ನೋಡಲಿಕ್ಕೆ.

ಕಿರಾಣಿ ಅಂಗಡಿಯ ಫೋನಿಗೆ ಮಾಡಬೇಡ. ನಾನು ಹಲೋ ಅನ್ನುವುದರೊಳಗೆ ಇಡೀ ಬೀದಿಗೆ ಕಿವಿ ಮೂಡಿರುತ್ತದೆ, ಆ ತುದಿಯಲ್ಲಿ ನೀನು ಅಳುತ್ತೀಯ. ಪತ್ರ ಬರೆ. ನಾನು ಏಳನೇ ಕ್ಲಾಸು ಓದಿದವಳು, ನಿಧಾನವಾಗಿಯಾದರೂ ಓದಿಕೊಳ್ಳುತ್ತೇನೆ.

ಗುಬ್ಬಿ ಚೆನ್ನಾಗಿದ್ದಾಳೆ. ದಿನ ತುಂಬುವ ಮುಂಚೆ ಬಂದವಳು, ಮೂರು ತಿಂಗಳಿಗೆ ತಾಯಿಯನ್ನು ಬಿಟ್ಟಿರುವವಳು, ಆದರೂ ಹಠ ಕಡಿಮೆ. ಸ್ಪ್ರಿಂಗಿಗೆ ನೇತು ಹಾಕಿದ ಬಟ್ಟೆ ತೊಟ್ಟಿಲಲ್ಲಿ ಹಾಕಿ ಎರಡು ಸಲ ತೂಗಿದರೆ ಕಣ್ಣು ಮುಚ್ಚುತ್ತಾಳೆ. ತೂಗುವಾಗೆಲ್ಲ ನಿನ್ನ ಹುಚ್ಚಾಟ ನೆನಪಾಗುತ್ತದೆ. ನೀನು ಹೊರಡುವ ಹಿಂದಿನ ದಿನ ತೊಟ್ಟಿಲು ಕಟ್ಟಿದಾಗ, ತಡೆಯುತ್ತೋ ಇಲ್ಲವೋ ನೋಡೋಣ ಅಂತ ನಾನು ಮೊದಲು ನನ್ನ ಇಸ್ತ್ರಿ ಪೆಟ್ಟಿಗೆಯನ್ನು ಅದರಲ್ಲಿ ಮಲಗಿಸಿ ತೂಗಿದೆ. ಬಾಯಲ್ಲಿ ಸಂಜೆಯ ಪ್ರಾರ್ಥನೆ ನಡೆದಿತ್ತು. ನೀನು ಪಕ್ಕದಲ್ಲಿ ನಿಂತು ಎಣಿಸಿ, "ಅತ್ತೆ, ಒಂದು ಪ್ರಾರ್ಥನೆಗೆ ಪೆಟ್ಟಿಗೆ ಅರವತ್ತು ಸಲ ಕುಣೀತು" ಅಂದೆ. ಆಮೇಲೆ ಮಗುವನ್ನು ಮಲಗಿಸಿದರೆ ಅರವತ್ತೈದು. ದೇವರ ಹೆಸರಿಗೂ ಲೆಕ್ಕ ಕಟ್ಟುವ ಸೊಸೆ ಸಿಕ್ಕಳಲ್ಲಪ್ಪಾ ಅಂದುಕೊಂಡೆ.

ಸೋಮವಾರ ಆರೋಗ್ಯ ಕೇಂದ್ರದಲ್ಲಿ ಗುಬ್ಬಿಯ ತೂಕ ನೋಡುತ್ತಾರೆ. ಚಳಿ ಮೂಳೆ ಕೊರೆಯುತ್ತಿದೆ. ಚೆನ್ನಾಗಿ ಸುತ್ತಿಕೊಂಡು ಹೋಗುತ್ತೇನೆ, ನೀನು ಯೋಚನೆ ಮಾಡಬೇಡ.

ಟೀಚರ್ ಆಗಿ ಬಾ. ಅಷ್ಟೇ ನಾನು ಕೇಳುವುದು.

ನಿನ್ನ ಅತ್ತೆ

*

ಜನವರಿ ೧೮

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಅದಕ್ಕೆ ಇಸ್ತ್ರಿ ಬಟ್ಟೆಯ ವಾಸನೆ ಇದೆ.

ಇಲ್ಲಿ ಲ್ಯಾಬಿನಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ಕಬ್ಬಿಣದ ಕಂಬ, ಕಂಬಕ್ಕೆ ಒಂದು ಸ್ಪ್ರಿಂಗ್. ನಮ್ಮ ತೊಟ್ಟಿಲಿನದರ ಮರಿ ಅನ್ನಿ. ತರಬೇತಿಯ ಕೊನೆಗೆ, ಏಪ್ರಿಲಿನಲ್ಲಿ, ಪ್ರತಿಯೊಬ್ಬರಿಗೂ ಬಾಯಿ ಮುಚ್ಚಿದ ಒಂದು ಡಬ್ಬಿ ಕೊಡುತ್ತಾರೆ. ಆ ಒಂದೇ ಸ್ಪ್ರಿಂಗಿನಿಂದ ಅದನ್ನು ಎರಡು ರೀತಿ ಅಳೆಯಬೇಕು. ನೇತು ಹಾಕಿ, ಸ್ಪ್ರಿಂಗ್ ಎಷ್ಟು ಉದ್ದವಾಯಿತು ಅಂತ ನೋಡುವುದು ಒಂದು. ಅದು ನೆಲ ಡಬ್ಬಿಯನ್ನು ಎಷ್ಟು ಎಳೆಯುತ್ತದೆ ಅನ್ನುವ ಲೆಕ್ಕ. ಕುಣಿಸಿ, ಒಂದೊಂದು ಕುಣಿತಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡುವುದು ಇನ್ನೊಂದು. ಅದು ಡಬ್ಬಿ ಎಷ್ಟು ಮೊಂಡು ಅನ್ನುವ ಲೆಕ್ಕ. ಭಾರದ್ದು ಅಲುಗಲು ಹಠ ಮಾಡುತ್ತದೆ, ನಿಧಾನ ಕುಣಿಯುತ್ತದೆ. ಹಗುರದ್ದು ಬೇಗ ಬೇಗ. ಎಳೆತದ ಲೆಕ್ಕ, ಹಠದ ಲೆಕ್ಕ ಎರಡೂ ಒಂದೇ ಬರಬೇಕು. ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಅದನ್ನು ತೋರಿಸಿದವರಿಗೆ ಮಾತ್ರ ಟೀಚರ್ ಸರ್ಟಿಫಿಕೇಟು.

ಗುಬ್ಬಿಯ ತೂಕ ಎಷ್ಟು ಬಂತು? ಮೊದಲ ಸಾಲಿನಲ್ಲೇ ಬರೆಯಿರಿ.

ನಿಮ್ಮ ಸೊಸೆ

*

ಜನವರಿ ೨೭

ನಾಲ್ಕು ಕೇಜಿ ಮುನ್ನೂರು ಗ್ರಾಂ. ನೋಡು, ಮೊದಲ ಸಾಲಿನಲ್ಲೇ ಬರೆದೆ.

ನರ್ಸಮ್ಮನೇ "ಪರವಾಗಿಲ್ವೇ ಅಜ್ಜಿ" ಅಂದಳು. ಎದುರುಮನೆ ಟೈಲರಮ್ಮ ಇದ್ದಾಳಲ್ಲ, ಅವಳು ಬಾಗಿಲಲ್ಲೇ ಕಾದಿದ್ದಳು. "ತಾಯಿ ಪುಸ್ತಕ ಓದಿದರೆ ಮಗುವಿನ ಹೊಟ್ಟೆ ತುಂಬುತ್ತಾ?" ಅಂತ ಅವತ್ತು ಕೇಳಿದವಳು. ತೂಕ ಬರೆದ ಕಾರ್ಡು ಅವಳ ಮೂಗಿಗೆ ಹಿಡಿದೆ. "ನನ್ನ ಇಸ್ತ್ರಿ ಪೆಟ್ಟಿಗೆ ನಾಲ್ಕು ಕೇಜಿ ಕಣಮ್ಮ, ನನ್ನ ಮೊಮ್ಮಗಳು ಅದಕ್ಕಿಂತ ತೂಕ" ಅಂದೆ. ಹೊಲಿಗೆ ಮಿಷನ್ ಕಡೆ ತಿರುಗಿಕೊಂಡಳು.

ಎಳೆತ, ಹಠ ಅಂತ ಬರೆದಿದ್ದೀಯ. ದೇವರು ಒಂದೇ ವಸ್ತುವಿಗೆ ಎರಡು ತಕ್ಕಡಿ ಯಾಕೆ ಇಟ್ಟನೋ. ನೀನು ಕಂಡುಹಿಡಿದು ನನಗೂ ಹೇಳು.

ನಿನ್ನ ಅತ್ತೆ

*

ಫೆಬ್ರವರಿ ೧೪

ಅತ್ತೆ,

ನಾಲ್ಕು ಕೇಜಿ ಮುನ್ನೂರು ಅಂತ ಓದಿ ರೂಮಿನಲ್ಲೇ ಒಂದು ಸುತ್ತು ಕುಣಿದೆ. ರೂಮಿನ ಹುಡುಗಿ ನನಗೆ ಹುಚ್ಚು ಅಂದುಕೊಂಡಳು.

ಇಲ್ಲಿ ಎಲ್ಲ ಚೆನ್ನಾಗಿದೆ. ಕೆಲಸ ಸ್ವಲ್ಪ ಜಾಸ್ತಿ. ಲ್ಯಾಬ್ ಮುಚ್ಚುವವರೆಗೂ ಇರುತ್ತೇನೆ. ಊಟ ಮಾಡುತ್ತಿದ್ದೇನೆ.

ಮುಂದಿನ ತೂಕ ಯಾವಾಗ?

ನಿಮ್ಮ ಸೊಸೆ

*

ಮಾರ್ಚ್ ೧೩

ಸೊಸೆಗೆ ಆಶೀರ್ವಾದ.

ಬರೆಯುವುದು ತಡವಾಯಿತು. ಮದುವೆ ಕಾಲ, ಇಸ್ತ್ರಿ ಬಟ್ಟೆ ಗುಡ್ಡೆ ಬಿದ್ದಿದೆ. ಚಳಿ ಹೋಗಿ ಸೆಕೆ ಶುರುವಾಗಿದೆ, ಕೆಂಡದ ಪೆಟ್ಟಿಗೆ ಮುಂದೆ ನಿಂತರೆ ನಾನೇ ಬೆಂದು ಹೋಗುತ್ತೇನೆ. ಟೈಲರಮ್ಮನ ಮಗಳಿಗೂ ಹೆರಿಗೆಯಾಯಿತು, ಗಂಡು. ನಿನ್ನ ಗಂಡ ಲಾರಿಗೆ ಹೊಸ ಹಾರ್ನ್ ಹಾಕಿಸಿದ್ದಾನೆ, ಆ ಸದ್ದಿಗೆ ನಾಯಿಗಳೆಲ್ಲ ಊರು ಬಿಟ್ಟಿವೆ.

ಗುಬ್ಬಿ ಈಗ ಮಗುಚಿಕೊಳ್ಳುತ್ತಾಳೆ. ನನ್ನ ಜಪಮಣಿ ಹಿಡಿದು ಎಳೆಯುತ್ತಾಳೆ. ಎಳೆದರೆ ಬಿಡುವವಳಲ್ಲ.

ಒಂದು ಕೆಲಸ. ನಿಮ್ಮ ಪೇಟೆಯಲ್ಲಿ ತೊಟ್ಟಿಲ ಸ್ಪ್ರಿಂಗ್ ಸಿಗುತ್ತಾ ನೋಡು. ನಮ್ಮದು ಸಡಿಲವಾಗಿದೆ. ಮುಂಚಿನ ಹಾಗೆ ಚುರುಕಾಗಿ ಕುಣಿಯುವುದಿಲ್ಲ, ಮೆಲ್ಲಗೆ ತೂಗಾಡುತ್ತದೆ.

ದೇವರಿದ್ದಾನೆ. ಓದಿಕೋ.

ನಿನ್ನ ಅತ್ತೆ

*

ಮಾರ್ಚ್ ೨೦

ಅತ್ತೆ,

ಟೈಲರಮ್ಮನ ಮೊಮ್ಮಗ, ಲಾರಿಯ ಹಾರ್ನ್, ಬೀದಿ ನಾಯಿ, ಎಲ್ಲ ಬರೆದಿದ್ದೀರಿ. ಗುಬ್ಬಿಯ ತೂಕ ಬರೆದಿಲ್ಲ. ಈ ತಿಂಗಳ ಮೊದಲ ವಾರ ನೋಡಿರಬೇಕಲ್ಲ. ನೀವು ಮರೆಯುವವರಲ್ಲ. ಅಂದಮೇಲೆ ಬೇಕಂತಲೇ ಬಿಟ್ಟಿದ್ದೀರಿ.

ನಾನೂ ಒಂದು ಬಿಟ್ಟಿದ್ದೆ. ಎರಡು ತಿಂಗಳಿಂದ ನನ್ನ ಲೆಕ್ಕ ಕೂಡಿ ಬರುತ್ತಿಲ್ಲ. ಅಭ್ಯಾಸದ ಡಬ್ಬಿಯನ್ನು ನೇತು ಹಾಕಿದರೆ ಇನ್ನೂರು ಗ್ರಾಂ. ಕುಣಿಸಿದರೆ ಇನ್ನೂರ ಇಪ್ಪತ್ತು. ಡಬ್ಬಿ ಇಡುವ ತಟ್ಟೆಯ ಭಾರ ಕಳೆದ ಮೇಲೂ ಅಷ್ಟೇ. ಡಬ್ಬಿ ಬದಲಿಸಿದರೂ ಆ ಇಪ್ಪತ್ತು ಬೆನ್ನು ಬಿಡುವುದಿಲ್ಲ. ಲ್ಯಾಬಿನ ಮೇಡಂ ನೋಡಿ, "ಸ್ಪ್ರಿಂಗ್ ಸುಳ್ಳು ಹೇಳಲ್ಲಮ್ಮ, ನೀನು ಏನನ್ನೋ ಮರೆತಿದ್ದೀಯ, ಹುಡುಕು" ಅಂದರು. ಉಳಿದವರದು ಮುಗಿದಿದೆ. ಅವರು ಹೇಗೆ ಮಾಡಿದರು ಅಂತ ಕೇಳಿದರೆ ಕೊನೆಗೆ ಇಪ್ಪತ್ತು ಕಳೆ ಅನ್ನುವ ಸೂತ್ರ ತೋರಿಸುತ್ತಾರೆ. ಅದು ಯಾಕೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ಯಾಕೆ ಅಂತ ತಿಳಿಯದೆ ಬರೆದರೆ ಪರೀಕ್ಷಕರ ಮುಂದೆ ಸಿಕ್ಕಿಬೀಳುತ್ತೇನೆ.

ಸಾಕಾಯಿತು. ಅಲ್ಲಿ ಮಗು ಸೊರಗುತ್ತಿದ್ದರೆ ಇಲ್ಲಿ ನಾನು ಡಬ್ಬಿ ಕುಣಿಸಿಕೊಂಡು ಯಾಕೆ ಇರಬೇಕು? ಏಪ್ರಿಲ್ ಮೊದಲ ವಾರ ಹೊರಟು ಬರುತ್ತೇನೆ. ಪರೀಕ್ಷೆಗೆ ಕೂರುವುದಿಲ್ಲ.

ನಿಮ್ಮ ಸೊಸೆ

*

ಮಾರ್ಚ್ ೨೬

ಏನೇ ನೀನು ಅಂದುಕೊಂಡಿರುವುದು?

ಸರಿ, ಕೇಳು. ಈ ಸಲವೂ ನಾಲ್ಕು ಕೇಜಿ ಮುನ್ನೂರು. ಎರಡು ತಿಂಗಳಲ್ಲಿ ಒಂದು ಗ್ರಾಂ ಏರಿಲ್ಲ. ನರ್ಸಮ್ಮನ ಮುಖ ಸಪ್ಪೆಯಾಯಿತು. ಏಪ್ರಿಲ್ ಹದಿನೈದಕ್ಕೆ ದೊಡ್ಡ ಡಾಕ್ಟರು ಬರುತ್ತಾರೆ, ಅಷ್ಟರಲ್ಲಿ ಏರದಿದ್ದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ, ತಾಯಿ ಜೊತೆಗಿರಬೇಕು ಅಂದಳು. ಅದಕ್ಕೇ ನಿನಗೆ ಹೇಳಲಿಲ್ಲ. ಹೇಳಿದರೆ ಇಂಥ ಪತ್ರ ಬರುತ್ತದೆ ಅಂತ ಗೊತ್ತಿತ್ತು. ಅಂದುಕೊಂಡ ಹಾಗೇ ಬಂತು.

ಹಾಲು ಕುಡಿಯುತ್ತಾಳೆ. ಚೆನ್ನಾಗಿಯೇ ಕುಡಿಯುತ್ತಾಳೆ. ಕೆನ್ನೆ ಹಿಡಿದರೆ ಕೈಗೆ ಸಿಗುತ್ತದೆ. ಎತ್ತಿಕೊಂಡರೆ ನನ್ನ ಸೊಂಟ ಒಂದು ಹೇಳುತ್ತದೆ, ಕಾರ್ಡು ಇನ್ನೊಂದು ಹೇಳುತ್ತದೆ. ಆದರೆ ಅಜ್ಜಿಯ ಸೊಂಟದ ಮಾತು ಆಸ್ಪತ್ರೆಯಲ್ಲಿ ನಡೆಯುತ್ತಾ? ತೊಟ್ಟಿಲು ನಿಧಾನವಾದಾಗ, ಭಾರವಾದರೆ ನಿಧಾನ ಅಂತ ನೀನು ಬರೆದದ್ದು ನೆನಪಾಗಿ ಒಂದು ಗಳಿಗೆ ಎದೆ ಹಿಗ್ಗಿತು. ಆದರೆ ತೂಕ ಏರಿಲ್ಲ ಅಂತ ಕಾರ್ಡೇ ಹೇಳಿದ ಮೇಲೆ ಮಗು ಭಾರವಾಗಿರುವುದು ಹೇಗೆ? ಸ್ಪ್ರಿಂಗೇ ಸೋತಿರಬೇಕು.

ನಿನ್ನ ಸ್ಪ್ರಿಂಗಿನ ಕಥೆ ನನಗೇನು ತಿಳಿಯುತ್ತದೆ. ಗುಬ್ಬಿಯನ್ನು ಎತ್ತಿಕೊಂಡ ಮೇಲೂ ನಮ್ಮ ತೊಟ್ಟಿಲು ಸುಮ್ಮನಿರುವುದಿಲ್ಲ. ಒಂದು ದಿನ ಒಗೆಯಲಿಕ್ಕೆ ಅಂತ ಬಟ್ಟೆಯನ್ನೂ ಬಿಚ್ಚಿದೆ. ಬರೀ ಸ್ಪ್ರಿಂಗ್ ತಾನೇ ತಾನಾಗಿ ಥೈ ಥೈ ಅಂತ ಕುಣಿಯುತ್ತಿತ್ತು. ಹೊರೆ ಇಳಿಸಿದರೂ ಹೊತ್ತವನ ಮೈ ಇರುತ್ತದಲ್ಲ, ಅದೂ ಒಂದು ಹೊರೆಯೇ. ನನ್ನನ್ನೇ ನೋಡು, ಬಟ್ಟೆ ಗಂಟು ಇಳಿಸಿದ ಮೇಲೂ ಮೆಟ್ಟಿಲು ಹತ್ತುವುದು ಕಷ್ಟ.

ನೀನು ಬರಬೇಡ. ಬಂದರೆ ಬಾಗಿಲು ತೆಗೆಯುತ್ತೇನೆ, ಆದರೆ ಮಾತಾಡುವುದಿಲ್ಲ. ನೀನು ಅತ್ತರೆ ಮಗುವಿನ ತೂಕ ಏರುತ್ತದೆಯಾ? ದೇವರ ಮುಂದೆ ದೀಪ ಹಚ್ಚಿ ಕೂತಿದ್ದೇನೆ. ಅವನು ಕೈಬಿಡುವವನಲ್ಲ.

ನಿನ್ನ ಅತ್ತೆ

*

ಏಪ್ರಿಲ್ ೧

ಅತ್ತೆ, ಈ ಪತ್ರವನ್ನು ಎರಡು ಸಲ ಓದಿ. ನಿಧಾನವಾಗಿ.

ಹೊತ್ತವನ ಮೈಯೂ ಹೊರೆಯೇ. ಇದನ್ನು ಓದಿದವಳು ಊಟದ ತಟ್ಟೆ ಬಿಟ್ಟು ಲ್ಯಾಬಿಗೆ ಓಡಿದೆ. ಕುಣಿಯುವಾಗ ಡಬ್ಬಿ ಒಂದೇ ಕುಣಿಯುವುದಿಲ್ಲ, ಸ್ಪ್ರಿಂಗಿನ ಮೈಯೂ ಜೊತೆಗೆ ಕುಣಿಯುತ್ತದೆ. ಮೇಲಿನ ತುದಿ ಅಲುಗುವುದೇ ಇಲ್ಲ, ಕೆಳಗಿನ ತುದಿ ಪೂರ್ತಿ ಅಲುಗುತ್ತದೆ, ನಡುವಿನದು ನಡುವೆ. ಒಂದೊಂದು ಸುರುಳಿಯನ್ನೂ ಕೂಡಿಸಿ ಲೆಕ್ಕ ಹಾಕಿದೆ: ಮೂರರಲ್ಲಿ ಒಂದು ಪಾಲು. ಸ್ಪ್ರಿಂಗನ್ನು ತಕ್ಕಡಿಗೆ ಹಾಕಿದರೆ ಅರವತ್ತು ಗ್ರಾಂ. ನನ್ನ ಇಪ್ಪತ್ತು ಗ್ರಾಂ ಸಿಕ್ಕಿತು ಅತ್ತೆ. ನೇತು ಹಾಕುವಾಗ ಮಾತ್ರ ಅದು ತೋರಲಿಲ್ಲ, ಯಾಕೆಂದರೆ ಖಾಲಿ ಸ್ಪ್ರಿಂಗ್ ತನ್ನ ಭಾರಕ್ಕೆ ಮೊದಲೇ ಜಗ್ಗಿ ನಿಂತಿರುತ್ತದೆ, ನಾವು ಅಲ್ಲಿಂದ ಮುಂದಕ್ಕೆ ಅಳೆಯುತ್ತೇವೆ.

ಈಗ ಗುಬ್ಬಿ. ತೊಟ್ಟಿಲು ನಿಧಾನವಾಗಲಿಕ್ಕೆ ಎರಡೇ ಕಾರಣ. ಒಂದೋ ಸ್ಪ್ರಿಂಗ್ ಸೋತಿದೆ, ಇಲ್ಲವೋ ಮಗು ಭಾರವಾಗಿದೆ. ಯಾವುದು ಅಂತ ನಿಮ್ಮ ಇಸ್ತ್ರಿ ಪೆಟ್ಟಿಗೆ ಹೇಳುತ್ತದೆ. ಅವತ್ತಿನ ಹಾಗೆ ಬೂದಿ ಕೊಡವಿ, ಖಾಲಿ ಪೆಟ್ಟಿಗೆಯನ್ನು ಅದೇ ಬಟ್ಟೆಯಲ್ಲಿ ಮಲಗಿಸಿ. ಅದೇ ಪ್ರಾರ್ಥನೆ, ಅದೇ ಲಯ. ಗಾಬರಿಯಲ್ಲಿ ಬೇಗ ಹೇಳಬೇಡಿ. ಪೆಟ್ಟಿಗೆಗೆ ಮತ್ತೆ ಅರವತ್ತೇ ಬಂದರೆ ಸ್ಪ್ರಿಂಗ್ ಗಟ್ಟಿಯಾಗಿದೆ. ಆಮೇಲೆ ಗುಬ್ಬಿಯನ್ನು ಎಣಿಸಿ. ಆಮೇಲೆ ಇನ್ನೊಮ್ಮೆ ಪೆಟ್ಟಿಗೆ.

ಇನ್ನೊಂದು ಮಾತು. ಜನವರಿಯಲ್ಲಿ ಖುಷಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಪೆಟ್ಟಿಗೆಗೆ ಅರವತ್ತು, ಗುಬ್ಬಿಗೆ ಅರವತ್ತೈದು. ಅಂದರೆ ಅವತ್ತು ಗುಬ್ಬಿ ನಾಲ್ಕು ಕೇಜಿಯ ಪೆಟ್ಟಿಗೆಗಿಂತ ಹಗುರ. ಅದಾದ ವಾರದೊಳಗೆ ಕಾರ್ಡಿನಲ್ಲಿ ಅವಳು ಪೆಟ್ಟಿಗೆಗಿಂತ ಭಾರ. ಎರಡೂ ನಿಜವಾಗಲು ಸಾಧ್ಯವಿಲ್ಲ. ಜನವರಿಯಲ್ಲಿ ತೂಗುವಾಗ ಮಗುವಿನ ಮೈಮೇಲೆ ಏನಿತ್ತು ಅತ್ತೆ?

ನಿಮ್ಮ ಸೊಸೆ

*

ಏಪ್ರಿಲ್ ೭

ಕಂಬಳಿ ಕಣೇ.

ನಿನ್ನ ಗಂಡನ ಲಾರಿಯ ಕಂಬಳಿ, ಎರಡು ಮಡಿಕೆ. ಅದರ ಮೇಲೆ ಉಣ್ಣೆಯ ಟೋಪಿ, ಒಳಗೆ ನನ್ನ ಹಳೆಯ ಸ್ವೆಟರು. ನರ್ಸಮ್ಮ "ಬಿಚ್ಚಿ ಅಜ್ಜಿ" ಅಂದಳು. "ನಿನ್ನ ಮಗುವನ್ನು ಈ ಚಳಿಯಲ್ಲಿ ಬಿಚ್ಚುತ್ತಿದ್ದೆಯಾ?" ಅಂತ ಜಗಳ ತೆಗೆದೆ. ಹಿಂದೆ ಜನ ಸಾಲು ನಿಂತಿದ್ದರು. ಪಾಪ, ಅವಳು ಮುಳ್ಳು ಎಲ್ಲಿ ನಿಂತಿತೋ ಅದನ್ನೇ ಬರೆದುಕೊಂಡಳು. ಮಾರ್ಚಿನಲ್ಲಿ ಸೆಕೆ, ಮಗು ಬರೀ ಮೈಯಲ್ಲಿತ್ತು.

ಆದರೆ ಅದಕ್ಕೆ ಮುಂಚೆ ನಡೆದದ್ದು ಹೇಳುತ್ತೇನೆ. ನಿನ್ನ ಪತ್ರ ಬಂದ ಸಂಜೆಯೇ ಪೆಟ್ಟಿಗೆಯನ್ನು ತೊಟ್ಟಿಲಲ್ಲಿಟ್ಟೆ. ಪ್ರಾರ್ಥನೆ ಹೇಳುತ್ತಾ ಬೆರಳಲ್ಲಿ ಎಣಿಸಿದೆ. ಐವತ್ತೆರಡು ಬಂತು. ಸ್ಪ್ರಿಂಗೇ ಸೋತಿದೆ, ಮಗು ಏರಿಲ್ಲ ಅಂತ ಅಲ್ಲೇ ಕುಸಿದು ಕೂತೆ. ಆಮೇಲೆ ನೋಡುತ್ತೇನೆ, ನಡುವಿನ ಒಂದು ಚರಣವನ್ನೇ ನುಂಗಿಬಿಟ್ಟಿದ್ದೆ. ಚಿಕ್ಕಂದಿನಿಂದ ಹೇಳಿಕೊಂಡು ಬಂದ ಪ್ರಾರ್ಥನೆ, ಭಯಕ್ಕೆ ಅದನ್ನೂ ಓಡಿಸಿದ್ದೇನೆ. ದೇವರ ಹತ್ತಿರ ಕೆಲಸ ಇದ್ದಾಗಲೇ ಅವಸರ ನೋಡು ನಮಗೆ.

ನೀರು ಕುಡಿದೆ. ಮುಖ ತೊಳೆದೆ. ಏನು ಬಂದರೂ ನಿನ್ನದೇ ಅಂತ ಅವನಿಗೆ ಹೇಳಿ, ಕಣ್ಣು ಮುಚ್ಚಿ ನಿಧಾನವಾಗಿ ಶುರು ಮಾಡಿದೆ. ಎಣಿಸಲಿಕ್ಕೆ ಟೈಲರಮ್ಮನನ್ನು ಕರೆದು ಕೂರಿಸಿದೆ, ಅವಳು ನನ್ನ ಪರವಾಗಿ ಸುಳ್ಳು ಹೇಳುವವಳಲ್ಲ. ಪ್ರಾರ್ಥನೆ ಮುಗಿಯಿತು. "ಅರವತ್ತು" ಅಂದಳು.

ಗುಬ್ಬಿಯನ್ನು ಮಲಗಿಸಿದೆ. "ಐವತ್ತೈದು" ಅಂದಳು.

ಮತ್ತೆ ಪೆಟ್ಟಿಗೆ. ಅರವತ್ತು.

"ಅಂದರೆ ಏನೇ ಇದು?" ಅಂತ ಟೈಲರಮ್ಮ ಕೇಳಿದಳು. "ಅಂದರೆ ನನ್ನ ಮೊಮ್ಮಗಳು ಪೆಟ್ಟಿಗೆಯನ್ನು ಸೋಲಿಸಿದಳು ಅಂತ" ಅಂದೆ. ಈ ಸಲ ಮಾತ್ರ ನಿಜವಾಗಿ ಸೋಲಿಸಿದ್ದು.

ಮರುದಿನ ಕಂಬಳಿ, ಟೋಪಿ, ಸ್ವೆಟರು ಮೂರನ್ನೂ ಗಂಟು ಕಟ್ಟಿಕೊಂಡು ನರ್ಸಮ್ಮನ ಹತ್ತಿರ ಹೋದೆ. ಅವಳದೇ ತಕ್ಕಡಿಗೆ ಹಾಕಿದೆವು. ಒಂದು ಕೇಜಿ. ಅಂದರೆ ಜನವರಿಯಲ್ಲಿ ಮಗು ಮೂರು ಕೇಜಿ ಮುನ್ನೂರು, ಮಾರ್ಚಿನಲ್ಲಿ ನಾಲ್ಕು ಮುನ್ನೂರು. ಗುಬ್ಬಿಯನ್ನು ಮತ್ತೆ ಬರೀ ಮೈಯಲ್ಲಿ ತೂಗಿದಳು. ನಾಲ್ಕು ಕೇಜಿ ಎಂಟುನೂರರ ಹತ್ತಿರ ಹೋಗಿದೆ. ಒಂದು ತಿಂಗಳಿಗೆ ಇಷ್ಟು ಸಾಕೇ ಸಾಕು ಅಂದಳು. ಕಾರ್ಡಿನಲ್ಲಿ ಹಳೆಯದನ್ನು ಹೊಡೆದು ಹೊಸದು ಬರೆದು, "ಅಜ್ಜಿ, ಇನ್ನು ಮೇಲೆ ನಾನು ಬಿಚ್ಚಿ ಅಂದರೆ ಬಿಚ್ಚಬೇಕು" ಅಂದಳು. ಕಿವಿ ಹಿಡಿದುಕೊಂಡೆ. ಇಬ್ಬರೂ ನಕ್ಕೆವು. ದೊಡ್ಡಾಸ್ಪತ್ರೆ ಬೇಡ.

ದೇವರು ಎರಡು ತಕ್ಕಡಿ ಯಾಕೆ ಇಟ್ಟ ಅಂತ ಕೇಳಿದ್ದೆನಲ್ಲ, ನನಗೇ ತಿಳಿಯಿತು. ಒಂದು ದಾರಿ ತಪ್ಪಿದರೆ ಇನ್ನೊಂದು ಕೈ ಹಿಡಿಯಲಿ ಅಂತ.

ಪರೀಕ್ಷೆಗೆ ಕೂರು.

ನಿನ್ನ ಅತ್ತೆ

*

ಏಪ್ರಿಲ್ ೨೪

ನನ್ನ ಅತ್ತೆಗೆ,

ಪಾಸು. ಮೊದಲ ಸಾಲಿನಲ್ಲೇ ಬರೆದೆ.

ನನಗೆ ಸಿಕ್ಕಿದ್ದು ಕೆಂಪು ಮುಚ್ಚಳದ ಡಬ್ಬಿ. ನೇತು ಹಾಕಿದೆ, ಮುನ್ನೂರ ನಲವತ್ತು ಗ್ರಾಂ. ಕುಣಿಸಿದೆ, ತಟ್ಟೆ ಕಳೆದೆ, ಸ್ಪ್ರಿಂಗಿನ ಮೂರನೇ ಒಂದು ಪಾಲು ಕಳೆದೆ. ಮುನ್ನೂರ ನಲವತ್ತೊಂದು. ಎರಡನ್ನೂ ಒಂದರ ಕೆಳಗೊಂದು ಬರೆದು ಗೆರೆ ಎಳೆದೆ.

ಪರೀಕ್ಷಕರು ಬಿಳಿ ಮೀಸೆಯ ಹಿರಿಯರು. "ಈ ಸ್ಪ್ರಿಂಗಿನ ಭಾರ ಯಾಕಮ್ಮ ಕಳೆದೆ? ಸೂತ್ರದಲ್ಲಿದೆ ಅಂತಾನಾ?" ಅಂದರು. ಅದನ್ನೇ ನಾನು ಕಾಯುತ್ತಿದ್ದೆ. ಡಬ್ಬಿ ತೆಗೆದುಬಿಟ್ಟೆ, ತಟ್ಟೆಯನ್ನೂ ತೆಗೆದೆ. ಖಾಲಿ ಸ್ಪ್ರಿಂಗನ್ನು ಜಗ್ಗಿ ಬಿಟ್ಟೆ. ಅದು ಥೈ ಥೈ ಅಂತ ಕುಣಿಯಿತು. "ಹೊತ್ತವನ ಮೈಯೂ ಹೊರೆಯೇ ಸರ್" ಅಂದೆ. ಆಮೇಲೆ ಮೂರನೇ ಒಂದು ಪಾಲು ಹೇಗೆ ಬಂತು ಅಂತ ಬೋರ್ಡಿನ ಮೇಲೆ ಪೂರ್ತಿ ಬರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಮಾತು ಯಾರದು?" "ನಮ್ಮ ಅತ್ತೆಯದು ಸರ್." "ಏನು ಕಲಿಸುತ್ತಾರೆ ಅವರು?" "ನನಗೆ ಕಲಿಸುತ್ತಾರೆ ಸರ್." ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಇಡೀ ತರಗತಿಯಲ್ಲಿ ಎಳೆತದ ಲೆಕ್ಕ, ಹಠದ ಲೆಕ್ಕ ಇಷ್ಟು ಹತ್ತಿರ ಬಂದದ್ದು ನನ್ನದೇ. ಜೂನಿನಿಂದ ಕೆಲಸ, ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ದೂರದ ಶಾಲೆ. ಹೊತ್ತು ಕೂತಿದ್ದವರು ನೀವು, ಅತ್ತೆ. ನನ್ನ ಲೆಕ್ಕದಲ್ಲಿ ನಿಮ್ಮನ್ನು ಎಂದೂ ಕಳೆಯುವುದಿಲ್ಲ.

ಮುಂದಿನ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಬರುತ್ತೇನೆ. ಗುಬ್ಬಿ ನನ್ನ ಗುರುತು ಹಿಡಿಯುತ್ತಾಳಾ?

ನಿಮ್ಮ ಸೊಸೆ

*

ಏಪ್ರಿಲ್ ೩೦

ನನ್ನ ಟೀಚರಮ್ಮನಿಗೆ,

ನಿನ್ನ ಪತ್ರವನ್ನು ಮೊದಲು ದೇವರ ಮುಂದೆ ಓದಿದೆ. ಆಮೇಲೆ ಬೀದಿಯಲ್ಲಿ ಓದಿದೆ. ಕಿರಾಣಿಯವನಿಗೆ ಕೇಳಿಸಲಿಲ್ಲ ಅಂತ ಅವನಿಗೆ ಬೇರೆ ಓದಿದೆ.

ಗುರುತು ಹಿಡಿಯದಿದ್ದರೆ ಒಂದು ದಿನ ಅಳುತ್ತಾಳೆ, ಎರಡನೇ ದಿನ ನಿನ್ನ ಜಡೆ ಎಳೆಯುತ್ತಾಳೆ. ಎಳೆದರೆ ಬಿಡುವವಳಲ್ಲ ಅಂತ ಮೊದಲೇ ಬರೆದಿದ್ದೇನೆ.

ಇಲ್ಲಿ ನನಗೆ ಹೊಸ ಕಸುಬು ಅಂಟಿದೆ. ಟೈಲರಮ್ಮ ತನ್ನ ಮೊಮ್ಮಗನನ್ನು ಎತ್ತಿಕೊಂಡು ದಿನ ಬಿಟ್ಟು ದಿನ ಬರುತ್ತಾಳೆ. "ಸ್ವಲ್ಪ ಪ್ರಾರ್ಥನೆ ಹೇಳೇ, ಎಷ್ಟು ಬರುತ್ತೋ ನೋಡೋಣ" ಅನ್ನುತ್ತಾಳೆ. ಅವನಿಗೆ ಅರವತ್ತೊಂದು. ಅವಳಿಗೆ ನಿದ್ದೆ ಇಲ್ಲ.

ನಮ್ಮವಳಿಗೆ ನಿನ್ನೆ ಐವತ್ತಮೂರು. ಅರವತ್ತೈದರಿಂದ ಐವತ್ತಮೂರಕ್ಕೆ ಇಳಿದರೆ ಊರವರು ಸೋಲು ಅಂದಾರು, ನಮ್ಮ ಮನೆಯಲ್ಲಿ ಮಾತ್ರ ಅದೇ ಗೆಲುವು. ಮಲಗಿಸಿದರೆ ತೊಟ್ಟಿಲ ತಳ ನೆಲಕ್ಕೆ ಮುಟ್ಟುವಷ್ಟು ಜಗ್ಗುತ್ತದೆ.

ಬರುವಾಗ ಒಂದು ಸ್ಪ್ರಿಂಗ್ ತಾ. ಅಂದಿನ ಹಾಗಲ್ಲ, ಹಳೆಯದು ಸೋತಿಲ್ಲ. ಗುಬ್ಬಿಗೇ ಅದು ಸಾಲದು. ಗಟ್ಟಿಯದು ತಾ.

ನಿನ್ನ ಅತ್ತೆ